ಕೂಡದ ಬೆಸುಗೆ

ನಿವೃತ್ತಿಯ ನಂತರ ಮೇಷ್ಟ್ರು ಹೇಗೆ ಕಾಲ ಕಳೆಯುತ್ತಾರೆಂದು ಕೇಳುವ ಹಳೆಯ ವಿದ್ಯಾರ್ಥಿಗಳಿಗೆ ಇದುವರೆಗೆ ‘ಓದು, ತೋಟ’ ಎಂದಷ್ಟೇ ಉತ್ತರಿಸುತ್ತಿದ್ದೆ. ಮೂರನೆಯದೊಂದನ್ನು ಮುಚ್ಚಿಟ್ಟಿದ್ದೆ. ಅದು ಬೆಸುಗೆ, ಎಲ್ಲರ ಬಾಯಲ್ಲಿ ವೆಲ್ಡಿಂಗ್. ಮುಚ್ಚಿಟ್ಟದ್ದಕ್ಕೆ ಕಾರಣವಿದೆ, ಇಂದು ಹೇಳಿಬಿಡುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಾನು ವಿಜ್ಞಾನ ಕಲಿಸಿದವನು. ಟ್ರಾನ್ಸ್‌ಫಾರ್ಮರಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಒಂದನ್ನಾದರೂ ಬಿಚ್ಚಿ ನೋಡಿದವನಲ್ಲ. ತೀರ್ಥಹಳ್ಳಿಯಲ್ಲಿ ಬಾಗಿಲು ಮುಚ್ಚಿದ ವರ್ಕ್‌ಶಾಪೊಂದರ ಹಳೆಯ ಮಿಗ್ ಯಂತ್ರ ಗುಜರಿಯ ಬೆಲೆಗೆ ಸಿಕ್ಕಾಗ, ಆ ಕೊರತೆಯನ್ನು ನೀಗಿಸಿಕೊಳ್ಳುವ ಆಸೆಯಿಂದಲೇ ಹೊಸನಗರದ ಬಳಿಯ ನಮ್ಮ ಮನೆಗೆ ತಂದೆ.

ಸಾಮಾನ್ಯ ವೆಲ್ಡಿಂಗಿನಲ್ಲಿ ಕಡ್ಡಿ ಉರಿದು ಮುಗಿಯುತ್ತದೆ. ಮಿಗ್‌ನಲ್ಲಿ ಹಾಗಲ್ಲ, ಸುರುಳಿಯಿಂದ ತೆಳುವಾದ ತಂತಿ ಗನ್ನಿನ ಮೂಲಕ ತಾನಾಗಿ ಹೊರಬರುತ್ತಿರುತ್ತದೆ, ಅದರ ಸುತ್ತ ಹರಿಯುವ ಅನಿಲ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಮಿಗ್ ಎಂದರೆ ಮೆಟಲ್ ಇನರ್ಟ್ ಗ್ಯಾಸ್. ನಾವು ಬಳಸುವ ಇಂಗಾಲದ ಡೈಆಕ್ಸೈಡು ಜಡಾನಿಲವೇ ಅಲ್ಲ, ಆದರೂ ಹೆಸರು ಉಳಿದುಕೊಂಡಿದೆ. (ಮೇಷ್ಟ್ರ ಚಾಳಿ, ಕ್ಷಮಿಸಿ.) ಅಮೆರಿಕದ ಬ್ಯಾಟಲ್ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡದ್ದು ೧೯೪೮ರಲ್ಲಿ. ನಮ್ಮ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದೂ ಅದೇ ವರ್ಷ.

ಯಂತ್ರಕ್ಕೆ ತ್ರೀ ಫೇಸ್ ಬೇಕು. ತೋಟದ ಪಂಪಿಗೆ ಬರುವ ಕರೆಂಟನ್ನೇ ಕೊಟ್ಟೆ. ಹೊತ್ತಿಕೊಂಡಿತು, ಆದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತಿತ್ತು. ತಂತಿ ಕಬ್ಬಿಣಕ್ಕೆ ಗುದ್ದಿ ಗನ್ನನ್ನೇ ಹಿಂದಕ್ಕೆ ತಳ್ಳುತ್ತಿತ್ತು. ವೋಲ್ಟೇಜು ಸಾಲದೆಂದು ಊಹಿಸಿ, ತಂತಿಯ ವೇಗವನ್ನು ತಗ್ಗಿಸಿದೆ. ಶಬ್ದ ಅಡಗಿತು. ಆ ಧೈರ್ಯದ ಮೇಲೆ ಅಟ್ಟಕ್ಕೊಂದು ಕಬ್ಬಿಣದ ಏಣಿ ಮಾಡಿದೆ. ಬೆಸುಗೆಗಳು ದಪ್ಪಗೆ ಉಬ್ಬಿ ಬಂದಿದ್ದವು. ಗ್ರೈಂಡರಿನಿಂದ ನಯ ಮಾಡಿ, ಹಸಿರು ಬಣ್ಣ ಹಚ್ಚಿ, ಮನೆಯವರಿಗೆಲ್ಲ ತೋರಿಸಿದೆ.

ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಅಡಿಕೆ ಮೂಟೆ ಹೊತ್ತು ಹತ್ತುವಾಗ ಆರನೆಯ ಮೆಟ್ಟಿಲು ಕಿತ್ತು ಬಂತು. ಬಿದ್ದರು. ಪಾದದ ಮೂಳೆ ಬಿರುಕು ಬಿಟ್ಟು ಆರು ವಾರ ಕೆಲಸವಿಲ್ಲ. ಖರ್ಚನ್ನೂ ಕೂಲಿಯನ್ನೂ ಕೊಟ್ಟೆ, ಅದು ದೊಡ್ಡ ಮಾತಲ್ಲ. “ನನ್ನದೇ ಕಾಲು ಜಾರಿತು ಬಿಡಿ ಮೇಷ್ಟ್ರೆ” ಎಂದು ಅವರೇ ನನ್ನನ್ನು ಸಮಾಧಾನಪಡಿಸಿದ್ದು ಇಂದಿಗೂ ಚುಚ್ಚುತ್ತದೆ.

ಮುರಿದ ಮೆಟ್ಟಿಲನ್ನು ಹಿಡಿದು ಸಾಗರದಲ್ಲಿ ವರ್ಕ್‌ಶಾಪ್ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆ. ಹೆಸರು ಬರೆಯಕೂಡದೆಂದು ಅವನ ಷರತ್ತು. ತುದಿಯನ್ನು ಬೆಳಕಿಗೆ ಹಿಡಿದು, “ಇದು ಕೂಡೇ ಇಲ್ಲ ಸಾರ್, ಮೇಲೆ ಕೂತಿದೆ ಅಷ್ಟೆ” ಎಂದ. ತಂತಿ ಕರಗಿತ್ತು, ಅದರ ಕೆಳಗಿನ ಐದು ಮಿಲಿಮೀಟರಿನ ಆಂಗಲ್ ಕರಗಿರಲಿಲ್ಲ. ಮಿಗ್‌ನಲ್ಲಿ ತಂತಿಯ ವೇಗವೇ ಆಂಪಿಯರು. ನಾನು ಶಬ್ದವನ್ನಲ್ಲ, ಶಾಖವನ್ನೇ ಅಡಗಿಸಿದ್ದೆ. ಉಬ್ಬಿದ ಬೆಸುಗೆ ಬಲವಾದದ್ದಲ್ಲ, ಒಳಗಿಳಿಯದ್ದು.

ಹತ್ತನೆಯ ತರಗತಿಯಲ್ಲಿ ಈ ಹುಡುಗ ಬರೆದ ಟ್ರಾನ್ಸ್‌ಫಾರ್ಮರಿನ ಉತ್ತರ ನನಗೆ ಚೆನ್ನಾಗಿ ನೆನಪಿದೆ. ವಿಷಯವೆಲ್ಲ ಸರಿಯಿತ್ತು, ಅಕ್ಷರ ಕಾಗೆಯ ಕಾಲು. ಅಂಕ ಕಳೆದಿದ್ದೆ. ಅವನಿಗೆ ನೆನಪಿದೆಯೋ ಇಲ್ಲವೋ, ಕೇಳಲಿಲ್ಲ.

ಮುಂದಿನ ಭಾನುವಾರ ಅವನೇ ಬಂದ. ಮೊದಲ ಕೆಲಸವಾಗಿ ಫ್ಯೂಸುಗಳನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಯಂತ್ರದ ಒಳಗೆ ಜೇಡರಬಲೆ, ಕಬ್ಬಿಣದ ಹುಡಿ, ಇಲಿಯ ಹಿಕ್ಕೆ. ಮೂರು ಫೇಸನ್ನು ಏಕಮುಖ ಪ್ರವಾಹವಾಗಿ ಮಾಡುವ ಆರು ಡಯೋಡುಗಳನ್ನು ಒಂದೊಂದಾಗಿ ಬಿಡಿಸಿ ಮಲ್ಟಿಮೀಟರ್ ಹಿಡಿದೆವು. ಐದು, ಒಂದು ದಿಕ್ಕಿನಲ್ಲಿ ಸುಮಾರು ಅರ್ಧ ವೋಲ್ಟ್ ತೋರಿಸಿ ಇನ್ನೊಂದು ದಿಕ್ಕಿನಲ್ಲಿ ಸುಮ್ಮನಾದವು. ಆರನೆಯದು ಎರಡೂ ಕಡೆ ಮೌನ. ಕುಸಿದ ವೋಲ್ಟೇಜಿನ ಮೂಲ ಅದು. ಅದನ್ನು ಬದಲಿಸಿದೆವು; ಗನ್ನಿನ ಕೊಳವೆಯೊಳಗಿನ ತುಕ್ಕು ಹಿಡಿದ ಲೈನರನ್ನೂ, ತೂತು ಅಗಲವಾಗಿದ್ದ ಟಿಪ್ಪನ್ನೂ ಹೊಸದಾಗಿ ಹಾಕಿದೆವು. ಈಗ ಬಾಣಲೆಯಲ್ಲಿ ಹಪ್ಪಳ ಕರಿದಂತೆ ಒಂದೇ ಸಮನೆ ಸದ್ದು.

ಕಲಿಕೆ ಅಲ್ಲಿಂದ ಆರಂಭವಾಯಿತು. ಬಣ್ಣ, ತುಕ್ಕು ಉಜ್ಜಿ ಬಿಳಿಯ ಲೋಹ ಕಾಣಬೇಕು. ತಂತಿ ಟಿಪ್ಪಿನಿಂದ ಒಂದು ಸೆಂಟಿಮೀಟರಿನಷ್ಟೇ ಹೊರಗಿರಬೇಕು. ನೋಟ ಕಿಡಿಯ ಮೇಲಲ್ಲ, ಕರಗಿದ ಕೊಳದ ಮುಂದಿನ ಅಂಚಿನ ಮೇಲೆ. ನಮ್ಮ ಮಳೆಗಾಲದ ಗಾಳಿ ಅನಿಲವನ್ನು ಹಾರಿಸಿಕೊಂಡು ಹೋಗಿ ಬೆಸುಗೆ ನೀರುದೋಸೆಯಂತೆ ತೂತಾಗುವುದರಿಂದ ಕೊಟ್ಟಿಗೆಗೆ ತಗಡಿನ ಮರೆ ಕಟ್ಟಿದೆ. ಸೋಗೆ ಕಟ್ಟಿದರೆ ಕಿಡಿಗೆ ಕೊಟ್ಟಿಗೆಯೇ ಹೋಗುತ್ತದೆ. ತಂತಿಯ ಸುರುಳಿ, ಕೆಲಸವಿಲ್ಲದಾಗ, ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ. ಇಷ್ಟಾದರೂ ಪ್ರತಿ ಹೊಸ ಕೆಲಸಕ್ಕೆ ಮೊದಲು ಅಷ್ಟೇ ದಪ್ಪದ ಎರಡು ಚೂರು ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಬಗ್ಗಿಸಿ ನೋಡುತ್ತೇನೆ. ಮೊದಮೊದಲು ಹತ್ತರಲ್ಲಿ ಏಳು ಪಟ್ಟನೆ ಬಿಟ್ಟುಕೊಳ್ಳುತ್ತಿದ್ದವು.

ಏಣಿಯ ಮೆಟ್ಟಿಲುಗಳನ್ನೆಲ್ಲ ಕತ್ತರಿಸಿ ಮತ್ತೆ ಬೆಸೆದೆ. ಬಣ್ಣ ಹಚ್ಚಲಿಲ್ಲ. ಕಾಲು ವಾಸಿಯಾಗಿ ಬಂದ ಹಿರಿಯರು ಏಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಮೂಟೆಯೊಂದನ್ನು ಹೆಗಲಿಗೇರಿಸಿಕೊಂಡು ಮೊದಲು ಹತ್ತಿದೆ. ಆರನೆಯ ಮೆಟ್ಟಿಲಿನ ಮೇಲೆ ನಿಂತು ಎರಡು ಸಲ ಜಗ್ಗಿದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಅವರು, “ಸಾಕು, ಇಳೀರಿ ಮೇಷ್ಟ್ರೆ. ಈ ವಯಸ್ಸಿನಲ್ಲಿ ನೀವು ಬಿದ್ದರೆ ನಾನು ಎಲ್ಲಿಂದ ಕೂಲಿ ಕೊಡಲಿ?” ಎಂದರು.