ಪೆಟ್ಟಿಗೆಗೆ ಬಂದ ಜ್ವರ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಈ ಸಲ ಚಳಿ ಓಡಿದ ಮರುವಾರವೇ ನಮ್ಮ ಮನೆಯ ಕಂಪ್ಯೂಟರಿಗೆ ಜ್ವರ ಬಂತು. 2013ರಲ್ಲಿ ಮಗ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡು ತಂದದ್ದು. ಮಗ ಹೈದರಾಬಾದಿಗೆ ಹೋದ. ಪೆಟ್ಟಿಗೆ ನಮ್ಮಲ್ಲಿ ಉಳಿಯಿತು.

ಜ್ವರವೆಂದದ್ದು ಅಲಂಕಾರದ ಮಾತಲ್ಲ. ಪಕ್ಕದ ತಗಡು ಮುಟ್ಟಿದರೆ ಸುಡುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಹೇಳದೆ ಕೇಳದೆ ಆರಿಹೋಗುತ್ತಿತ್ತು.

ನನ್ನ ಕೆಲಸವಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಕರೆಂಟು ಬಿಲ್ಲನ್ನು ಫೋನಿನಲ್ಲೂ ಕಟ್ಟಬಹುದು. ಆದರೆ ನನ್ನಾಕೆ ಅದರಲ್ಲಿ ‘ನುಡಿ’ ತಂತ್ರಾಂಶ ಹಾಕಿಸಿಕೊಂಡು ತನ್ನ ತಾಯಿಯ ಬಾಯಿಂದ ಮದುವೆಯ ಹಾಡುಗಳನ್ನು ಬರೆದುಕೊಳ್ಳುತ್ತಿದ್ದಳು. ಅತ್ತೆಯವರಿಗೆ ಎಂಬತ್ತೆಂಟು ವರ್ಷ. ಒಂದು ಮಧ್ಯಾಹ್ನ ಬೀಗರನ್ನು ಗೇಲಿ ಮಾಡುವ ಹಾಡೊಂದು ಹನ್ನೊಂದು ಚರಣದವರೆಗೆ ಬಂದಿತ್ತು, ಪರದೆ ಕಪ್ಪಾಯಿತು. ಬರೆದದ್ದನ್ನು ಉಳಿಸಿರಲಿಲ್ಲ.

“ಅಮ್ಮಾ, ಇನ್ನೊಂದು ಸಲ ಹೇಳು” ಎಂದಳು. ಅತ್ತೆ ಏಳು ಚರಣ ಹೇಳಿ ನಿಂತರು. “ಮುಂದಿನದನ್ನು ಈಗ ತಾನೇ ಹೇಳಿದೆನಲ್ಲೇ” ಎಂದು ನಮ್ಮಿಬ್ಬರ ಮುಖವನ್ನೂ ನೋಡಿದರು.

“ಇದಕ್ಕೇನಾದರೂ ಮಾಡಿ ಅಂದ್ರೆ” ಎಂದಳು ನನ್ನಾಕೆ. ದನಿ ಏರಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಎಸ್.ಪಿ. ರೋಡಿಗೆ ಹೋದೆ. ಅಂಗಡಿಯ ಹುಡುಗ ವಯಸ್ಸು ಕೇಳಿದವನೇ ತೀರ್ಪು ಕೊಟ್ಟ: “ಥರ್ಡ್ ಜನರೇಷನ್ನು ಸಾರ್. ಹೊಸ ಪ್ರೊಸೆಸರ್ ಹಾಕ್ಸಿಬಿಡಿ.” ಹೊಸ ಪ್ರೊಸೆಸರಿಗೆ ಹಳೆಯ ಮದರ್‌ಬೋರ್ಡು ಆಗದು. ಹೊಸ ಬೋರ್ಡಿಗೆ ನಮ್ಮ ಡಿಡಿಆರ್3 ರ‍್ಯಾಮು ಕೂರದು. ಕೌಪೀನ ಕಾಯಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಕೊನೆಗೆ ಸಂಸಾರಿಯಾದ ಸನ್ಯಾಸಿಯ ಕಥೆ ನೆನಪಾಯಿತು. ಲೆಕ್ಕ ನಲವತ್ತೈದು ಸಾವಿರಕ್ಕೆ ಬಂದು ನಿಂತಾಗ ನಮ್ಮದೆಂದು ಉಳಿಯುತ್ತಿದ್ದದ್ದು ಹೊರಗಿನ ತಗಡು ಮಾತ್ರ. ಹುಡುಗ ಸುಳ್ಳು ಹೇಳಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಮ್ಮಂಥ ಹಳಬರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಬಿಸಿ ಏಕೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದಿದ್ದರೆ ನಾವು ಹೊಸ ಲೆಡ್ಜರು ತರಿಸುತ್ತಿರಲಿಲ್ಲ. ತಪ್ಪಿದ ಸಾಲನ್ನು ಹುಡುಕುತ್ತಿದ್ದೆವು. ಮನೆಗೆ ಬಂದು, ಮಗನನ್ನು ಫೋನಿನಲ್ಲಿ ಕೇಳಿಕೊಂಡು, ಯಂತ್ರ ಏಳುವಾಗಲೇ ಕೀಲಿ ಒತ್ತಿ ಬಯಾಸ್ ತೆರೆದೆ. ಕೆಲಸವೇ ಇಲ್ಲದೆ 92 ಡಿಗ್ರಿ! ಈ ಪ್ರೊಸೆಸರಿನ ಮಿತಿ 105. ಅದನ್ನು ಸಮೀಪಿಸಿದಂತೆ ತಾನೇ ನಿಧಾನವಾಗುತ್ತದೆ. ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. ನಾವು ಮೊಂಡುತನವೆಂದುಕೊಂಡದ್ದು ಜೀವ ಉಳಿಸಿಕೊಳ್ಳುವ ಉಪಾಯವಾಗಿತ್ತು.

ಕರೆಂಟಿನ ತಂತಿ ಕಿತ್ತು ಪೆಟ್ಟಿಗೆ ಬಿಚ್ಚಿದೆ. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹದಿಮೂರು ವರ್ಷದ ಧೂಳು, ಒಗ್ಗರಣೆಯ ಜಿಡ್ಡಿನೊಡನೆ ಸೇರಿ ಕಂಬಳಿಯಾಗಿತ್ತು. ಅದನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಎದ್ದು ಬಂದಿತ್ತು. ಎರಡು ಲೋಹಗಳ ನಡುವಿನ ಸಂದು ತುಂಬಿ ಶಾಖವನ್ನು ದಾಟಿಸಬೇಕಾದ ಬೂದು ಲೇಪ, ಡಬ್ಬಿಯಲ್ಲಿ ಮರೆತ ಸುಣ್ಣದಂತೆ ಒಣಗಿತ್ತು. ಇಷ್ಟರ ಮೇಲೆ, ಧೂಳು ಬೀಳದಿರಲೆಂದು ನನ್ನಾಕೆ ಹೆಣೆದು ಹೊದಿಸಿದ್ದ ಮುಸುಕು. ಧೂಳಂತೂ ನಿಲ್ಲಲಿಲ್ಲ, ಗಾಳಿ ನಿಂತಿತ್ತು.

ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ಧೂಳು ಕೆರೆದೆ. ಹಳೆಯ ಲೇಪವನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ತೊಗರಿಕಾಳಿನಷ್ಟು ಇಟ್ಟು, ಗೂಟಗಳನ್ನು ಮೂಲೆಯಿಂದ ಮೂಲೆಗೆ ‘ಟಕ್’ ಎನ್ನುವವರೆಗೆ ಒತ್ತಿದೆ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆ. ಮುಸುಕು ಬೀರು ಸೇರಿತು. ಬಯಾಸ್ 43 ಡಿಗ್ರಿ ತೋರಿಸಿತು. ಎರಡು ಗಂಟೆ ಟೈಪು ಮಾಡಿದರೂ ಯಂತ್ರ ಆರಲಿಲ್ಲ.

ಹಾಗಾದರೆ ಹೊಸದು ಬೇಡವೆ? ಬೇಕಾದೀತು, ಆದರೆ ಬಿಸಿಯಾಯಿತೆಂಬ ಕಾರಣಕ್ಕಲ್ಲ. ಸದ್ಯಕ್ಕೆ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆವು. ಮುಂದೆ ಹೊಸ ಯಂತ್ರ ಬಂದರೆ ಅದನ್ನು ಅಲ್ಲಿಗೂ ಒಯ್ಯಬಹುದು. ರಕ್ಷಣೆಯಿಲ್ಲದ ಯಂತ್ರವಾದ್ದರಿಂದ ಇಂಟರ್‌ನೆಟ್ ತಂತಿ ಕಿತ್ತಿಟ್ಟೆವು. ದಿನವೂ ಸಂಜೆ ಹಾಡುಗಳ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗುತ್ತದೆ. ನನ್ನಾಕೆ ಈಗ ಚರಣಕ್ಕೊಮ್ಮೆ ಉಳಿಸುತ್ತಾಳೆ. ಹಾಡು ಮುಗಿದ ಮೇಲೆ ಹೊಸದರ ಯೋಚನೆ.

ಅತ್ತೆಯವರನ್ನು ಮಧ್ಯಾಹ್ನ ಕೇಳುವುದನ್ನೂ ಬಿಟ್ಟಿದ್ದೇವೆ. ಬೆಳಗಿನ ತಂಪಿನಲ್ಲಿ, ಕಾಫಿಯಾದ ಮೇಲೆ, ಹೂ ಕಟ್ಟುತ್ತಾ ಕುಳಿತಾಗ ಹಾಡು ತಾನಾಗಿ ಬರುತ್ತದೆ. ಹೋದ ನಾಲ್ಕು ಚರಣಗಳಲ್ಲಿ ಎರಡು ಹಾಗೆಯೇ ಬಂದವು. ಉಳಿದೆರಡಕ್ಕೆ ನನ್ನಾಕೆ ಜಾಗ ಬಿಟ್ಟಿದ್ದಾಳೆ.