ಹೋದವರ ದಾರಿ, ಬಂದವರ ದಾರಿ

ಅಮೆರಿಕದ ವಯೋಮಿಂಗ್ ರಾಜ್ಯದ ಬಯಲಿನಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ಒಂಟಿ ಗ್ರಾನೈಟ್ ಬಂಡೆಯಿದೆ. ಎತ್ತರ ಸುಮಾರು 130 ಅಡಿ. ಹತ್ತಿರ ಹೋದರೆ ಮೈತುಂಬ ಹೆಸರುಗಳು. ಆರೆಗಾನ್ ಟ್ರೇಲ್ ಹಿಡಿದು ಪಶ್ಚಿಮಕ್ಕೆ ನಡೆದವರು ಉಳಿಯಿಂದ ಕೆತ್ತಿದವು, ಗಾಡಿಯ ಕೀಲೆಣ್ಣೆಯಿಂದ ಬರೆದವು. ವಸಂತದಲ್ಲಿ ಮಿಸೌರಿ ಬಿಟ್ಟ ಗಾಡಿ ಜುಲೈ 4ರ ಹೊತ್ತಿಗೆ ಇಲ್ಲಿಗೆ ಮುಟ್ಟಬೇಕಿತ್ತು. ತಡವಾದರೆ ಮುಂದಿನ ಬೆಟ್ಟಗಳಲ್ಲಿ ಹಿಮಕ್ಕೆ ಸಿಕ್ಕಿಬೀಳುವ ಭಯ.

ಅದೇ ರಾಜ್ಯದ ಗರ್ನ್ಸೀ ಊರಿನ ಬಳಿ, ಮೆದು ಮರಳುಗಲ್ಲಿನಲ್ಲಿ ಗಾಡಿಚಕ್ರಗಳು ಕೊರೆದ ಜಾಡು ಕೆಲವೆಡೆ 5 ಅಡಿ ಆಳಕ್ಕಿಳಿದಿದೆ. ಒಟ್ಟು ದಾರಿ ಸುಮಾರು 3,500 ಕಿಲೋಮೀಟರ್. ಗಾಡಿಯೊಳಗೆ ಸಾಮಾನು, ಜನ ಹೆಚ್ಚಾಗಿ ಪಕ್ಕದಲ್ಲಿ ಕಾಲ್ನಡಿಗೆ. 1869ರಲ್ಲಿ ದೇಶದ ಎರಡು ತುದಿಗಳನ್ನು ರೈಲು ಕೂಡಿಸುವವರೆಗೆ ಲಕ್ಷಗಟ್ಟಲೆ ಮಂದಿ ಹೀಗೆ ನಡೆದರು. ಅನೇಕರು ಕಾಲರಾ ತಗುಲಿ ದಾರಿಯಲ್ಲೇ ಸತ್ತರು. ಆ ಜಾಡಿನೊಳಗೆ ನಿಂತಾಗ ಅವರ ಬಗ್ಗೆ ಗೌರವ ಹುಟ್ಟುವುದು ಸಹಜ, ನ್ಯಾಯವೂ ಹೌದು.

ಆದರೆ ಇದನ್ನು ಕನ್ನಡದಲ್ಲಿ ಹೇಳಹೊರಟರೆ ಒಂದು ತೊಡಕಿದೆ. ಇಂಗ್ಲಿಷಿನ ‘ಮೈಗ್ರೇಟ್’ ಒಂದೇ ಪದದಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ವಲಸೆ ಹೋಗಬೇಕು, ಇಲ್ಲವೇ ವಲಸೆ ಬರಬೇಕು. ಕ್ರಿಯಾಪದ ಹಾಕಿದ ಕೂಡಲೇ ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದು ಗೊತ್ತಾಗಿಬಿಡುತ್ತದೆ. ಮುಂಬೈ, ಪುಣೆಯ ಕನ್ನಡ ಮನೆಗಳಿಗೆ ಇದು ಹೊಸತಲ್ಲ: ಊರಿನವರ ಬಾಯಲ್ಲಿ ಹೋದವರು, ನೆರೆಯವರ ಬಾಯಲ್ಲಿ ಬಂದವರು. ಬಂಡೆಯ ಮೇಲಿರುವುದು ಹೋದವರ ಹೆಸರು.

‘ಬಂದರು’ ಎಂದು ಹೇಳುವವರ ಕತೆ ಬೇಕಾದರೆ ವಾಷಿಂಗ್ಟನ್ ರಾಜ್ಯದ ವೈಲಾಟ್ಪುವಿಗೆ ಹೋಗಬೇಕು. ಅದು ಕಯೂಸ್ ಜನರ ನೆಲ. 1836ರಲ್ಲಿ ಮಾರ್ಕಸ್ ಮತ್ತು ನಾರ್ಸಿಸ್ಸಾ ವಿಟ್ಮನ್ ದಂಪತಿ ಅಲ್ಲಿ ಮಿಷನ್ ಕಟ್ಟಿದರು. ಮಾರ್ಕಸ್ ವೈದ್ಯರೂ ಆಗಿದ್ದರು. ವರ್ಷವರ್ಷವೂ ಗಾಡಿಗಳು ಹೆಚ್ಚಿದವು. 1847ರಲ್ಲಿ ದಡಾರ ಹಬ್ಬಿತು. ಅದೇ ವೈದ್ಯರ ಔಷಧಿಯಲ್ಲಿ ಬಿಳಿಯರು ಹೆಚ್ಚಾಗಿ ಚೇತರಿಸಿಕೊಂಡರು, ಅಲ್ಲಿನ ಕಯೂಸರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ವೈದ್ಯರೇ ವಿಷ ಹಾಕುತ್ತಿದ್ದಾರೆಂಬ ಗುಮಾನಿ ಬೆಳೆಯಿತು. ನವೆಂಬರ್ 29ರಂದು ಕೆಲವು ಕಯೂಸರು ವಿಟ್ಮನ್ ದಂಪತಿಯನ್ನೂ ಇನ್ನೂ ಹಲವರನ್ನೂ ಕೊಂದರು. 1850ರಲ್ಲಿ ಐವರು ಕಯೂಸರನ್ನು ಗಲ್ಲಿಗೇರಿಸಲಾಯಿತು. 1855ರ ಒಪ್ಪಂದದಲ್ಲಿ ಅವರ ನೆಲದ ಬಹುಪಾಲು ಕೈತಪ್ಪಿತು.

ಈಗ ಕೊಲೆಯಾದವರ ಸಮಾಧಿ ಅಲ್ಲಿದೆ, ಗುಡ್ಡದ ಮೇಲೆ ಸ್ಮಾರಕಸ್ತಂಭವಿದೆ. ಕಯೂಸ್ ಭಾಷೆಯನ್ನು ಆಡುವವರು ಉಳಿದಿಲ್ಲ. ಅಮೆರಿಕದ ಇಂಗ್ಲಿಷಿನಲ್ಲಿ ‘ಕಯೂಸ್’ ಎಂದರೆ ಒಂದು ಬಗೆಯ ಗಿಡ್ಡ ಕುದುರೆ.

ಜನ ಮಾತ್ರ ಉಳಿದಿದ್ದಾರೆ. ಪಕ್ಕದ ಆರೆಗಾನ್ ರಾಜ್ಯದ ಪೆಂಡಲ್ಟನ್ ಬಳಿ, ಉಮಟಿಲ್ಲಾ ಮೀಸಲು ಪ್ರದೇಶದಲ್ಲಿ, ಕಯೂಸ್, ಉಮಟಿಲ್ಲಾ ಮತ್ತು ವಾಲಾ ವಾಲಾ ಸಮುದಾಯಗಳು ಸೇರಿ 1998ರಲ್ಲಿ ಒಂದು ಮ್ಯೂಸಿಯಂ ತೆರೆದವು. ಹೆಸರು ತಮಾಸ್ತ್‌ಸ್ಲಿಕ್ತ್. ವಾಲಾ ವಾಲಾ ಭಾಷೆಯಲ್ಲಿ ಅದಕ್ಕೆ ಅರ್ಥ ಬಿಡಿಸಿ ಹೇಳುವುದು ಎಂಬ ಅರ್ಥವಿದೆ. ಒಳಗಿನ ಪ್ರದರ್ಶನ ಮೂರು ಭಾಗ: ನಾವಿದ್ದೆವು, ನಾವಿದ್ದೇವೆ, ನಾವಿರುತ್ತೇವೆ. ಹೋಗುವ, ಬರುವ ಮಾತುಗಳ ನಡುವೆ ಅವರು ಆರಿಸಿಕೊಂಡದ್ದು ‘ಇರು’ ಎಂಬ ಧಾತುವನ್ನು.

ಆರೆಗಾನ್ ಟ್ರೇಲ್ ನೋಡಲು ಹೊರಡುವವರು ಬಂಡೆಗೂ ಗಾಡಿಜಾಡಿಗೂ ಎರಡು ದಿನ ಕೊಡಲಿ, ಇಲ್ಲಿಗೆ ಅರ್ಧ ದಿನವನ್ನಾದರೂ ಉಳಿಸಿಕೊಳ್ಳಲಿ.