ನಾಟಿಗೆ ಬಂದವರು

ಕೇರಳದ ವಯನಾಡಿನಲ್ಲಿ ಹುಟ್ಟಿ ಬರುವ ಕಪಿಲೆಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ತಿರುಮಕೂಡಲು ನರಸೀಪುರದ ಬಳಿ ಕಾವೇರಿಯನ್ನು ಕೂಡುವಳು. ಈ ಎರಡು ಊರುಗಳ ನಡುವಣ ಸೀಮೆಯಲ್ಲಿ ನೀರಿಗಿಂತಲೂ ಆಳಿನ ಕೊರತೆ ಹೆಚ್ಚು. ಬೀಚನಹಳ್ಳಿಯ ಅಣೆಕಟ್ಟು ೧೯೭೪ರಲ್ಲಿ ಮುಗಿದು, ನಾಲೆಗಳು ಹರಿದು, ಮಳೆಯನ್ನೇ ನಂಬಿದ್ದ ಎಷ್ಟೋ ಹೊಲಗಳು ಗದ್ದೆಗಳಾದುವು. ಆದರೆ ಆ ಗದ್ದೆಗಳಿಗೆ ಇಳಿಯಬೇಕಾಗಿದ್ದ ತರುಣರು ನಂಜನಗೂಡಿನ ಕಾರ್ಖಾನೆಗಳಿಗೂ ಮೈಸೂರು ಬೆಂಗಳೂರುಗಳಿಗೂ ಹೊರಟುಹೋದರು. ಹೀಗೆ ತೆರವಾದ ಸ್ಥಳಕ್ಕೆ ಬಿಹಾರ, ಒಡಿಶಾ, ಅಸ್ಸಾಂ, ಪಶ್ಚಿಮ ಬಂಗಾಳಗಳ ಜನ ಈಚಿನ ವರ್ಷಗಳಲ್ಲಿ ಬರತೊಡಗಿದ್ದಾರೆ.

ನರಸೀಪುರದ ತಾಲ್ಲೂಕಿನ ಒಂದು ಗ್ರಾಮದಲ್ಲಿ ವಯಸ್ಸು ಎಪ್ಪತ್ತನ್ನು ದಾಟಿದ ಗೌಡರೊಬ್ಬರಿರುವರು. ಕಳೆದ ಮುಂಗಾರಿನಲ್ಲಿ ಅವರ ಗದ್ದೆಯ ನಾಟಿಗೆ ಬಂಗಾಳದ ಹದಿನೆಂಟು ಮಂದಿ ಬಂದಿಳಿದರು. ಮೇಸ್ತ್ರಿಯೊಬ್ಬನು ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದಿದ್ದನು. ಅವರು ಕೊಟ್ಟಿಗೆಯ ಪಕ್ಕದ ಮನೆಯಲ್ಲಿ ಅಡಿಗೆ ಮಾಡಿಕೊಂಡು, ಬೆಳಕು ಹರಿಯುವುದಕ್ಕೆ ಮುಂಚೆ ಗದ್ದೆಗಿಳಿದು, ಸಾಲು ಕೆಡದಂತೆ ಪೈರು ನೆಡುತ್ತಿದ್ದರು. ಮೂರನೆಯ ದಿನ ಸಂಜೆ ಊರಿನ ಕೆಲವು ತರುಣರು ಬಂದು, “ಇವರು ಬಂಗಾಳದವರಲ್ಲ, ಗಡಿ ದಾಟಿ ಬಂದ ಬಾಂಗ್ಲಾದೇಶದವರು, ನಾಳೆಯೇ ಕಳುಹಿಸಿಬಿಡಿ” ಎಂದು ಕೇಳಿದರು. ಮರುದಿನ ಪೋಲೀಸಿನವರು ಬಂದು ಎಲ್ಲರ ಗುರುತಿನ ಚೀಟಿಗಳನ್ನು ಠಾಣೆಗೆ ತರಬೇಕೆಂದು ಹೇಳಿಹೋದರು. ಹದಿನೇಳು ಮಂದಿಯ ಬಳಿ ಚೀಟಿಗಳಿದ್ದುವು. ಇಪ್ಪತ್ತು ವರ್ಷದ ಹುಡುಗನೊಬ್ಬನಲ್ಲಿ ಮಾತ್ರ ಏನೂ ಇರಲಿಲ್ಲ. ರೈಲಿನಲ್ಲಿ ಚೀಲ ಕಳೆದುಹೋಯಿತೆಂದು ಅವನು ಹೇಳಿದನು.

ಆ ರಾತ್ರಿ ಗೌಡರ ಜಗಲಿಯ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸದಲ್ಲಿರುವ ಅವರ ತಂಗಿಯ ಮಗನು ಮೊದಲು ಮಾತನಾಡಿದನು. ಕಾರ್ಖಾನೆಗಳಿಗೆಂದು ಭೂಮಿಯನ್ನು ಬಿಟ್ಟುಕೊಟ್ಟವರು ಈ ಸೀಮೆಯ ರೈತರು, ಕೆಲಸವಾದರೋ ಹೊರಗಿನವರಿಗೆ. ಸರೋಜಿನಿ ಮಹಿಷಿಯವರ ಸಮಿತಿ ೧೯೮೬ರಲ್ಲಿಯೇ ವರದಿಯನ್ನೊಪ್ಪಿಸಿತು. ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ ೫೦ನ್ನೂ ಉಳಿದ ಹುದ್ದೆಗಳಲ್ಲಿ ನೂರಕ್ಕೆ ೭೦ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಮಂತ್ರಿಮಂಡಲವು ೨೦೨೪ರ ಜುಲೈ ತಿಂಗಳಲ್ಲಿ ಒಪ್ಪಿಗೆಯಿತ್ತು, ಉದ್ಯಮಪತಿಗಳ ಆಕ್ಷೇಪಣೆ ಬರಲು ಕೆಲವೇ ದಿನಗಳಲ್ಲಿ ತಡೆಹಿಡಿಯಿತು. “ದೇಶದವರ ಪಾಡೇ ಹೀಗಿರುವಾಗ ದೇಶದವನೆಂಬ ಗುರುತೂ ಇಲ್ಲದವನಿಗೆ ನಾವೇಕೆ ಅನ್ನ ಕೊಡಬೇಕು?” ಎಂದು ಅವನು ಕೇಳಿದನು. ಇದನ್ನು ಬರಿಯ ಸಿಟ್ಟಿನ ಮಾತೆಂದು ತಳ್ಳಿಹಾಕುವಂತಿರಲಿಲ್ಲ.

ಅಂಗಳದಲ್ಲಿ ಕುಳಿತಿದ್ದ ಕೂಲಿಯ ಹೆಂಗಸೊಬ್ಬಳು ಹೇಳಿದ ಮಾತು ಅದಕ್ಕಿಂತಲೂ ನೇರವಾಗಿದ್ದಿತು. ಹಿಂದೆ ನಾಟಿಯ ಕಾಲದಲ್ಲಿ ಊರಿನ ಹೆಂಗಸರು ಒಟ್ಟಾಗಿ ನಿಂತು ಕೂಲಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದರು; ವರ್ಷದಲ್ಲಿ ಅವರ ಮಾತು ನಡೆಯುತ್ತಿದ್ದುದು ಆ ಕೆಲವು ವಾರಗಳಲ್ಲಿ ಮಾತ್ರ. ಮೇಸ್ತ್ರಿಯು ಬಂದಮೇಲೆ ಅದೂ ಹೋಯಿತು. “ಆಳು ಸಿಕ್ಕುವುದಿಲ್ಲವೆಂದು ನೀವು ಹೇಳುತ್ತೀರಿ, ನಾವು ಕೇಳಿದ ಕೂಲಿಗೆ ಸಿಕ್ಕುವುದಿಲ್ಲವೆಂದು ಹೇಳಿ” ಎಂದಳು. ಗೌಡರು ತಲೆ ತಗ್ಗಿಸಿದರು.

ನಿವೃತ್ತ ಉಪಾಧ್ಯಾಯರೊಬ್ಬರು ಶಾಸನದ ವಿಚಾರವನ್ನು ಬಿಡಿಸಿ ಹೇಳಿದರು. ದೇಶದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನವು ಪ್ರಜೆಗೆ ಕೊಟ್ಟಿರುವುದು; ಹರಿಯಾಣದವರು ಸ್ಥಳೀಯರಿಗೆ ನೂರಕ್ಕೆ ೭೫ರ ಮೀಸಲಾತಿಯನ್ನು ತಂದಾಗ ಅಲ್ಲಿನ ಹೈಕೋರ್ಟು ೨೦೨೩ರಲ್ಲಿ ಅದನ್ನು ರದ್ದುಮಾಡಿತು. ಪರದೇಶದವನಿಗೆ ಆ ಹಕ್ಕಿಲ್ಲ. ತನ್ನ ಗಡಿಯನ್ನು ಯಾರು ದಾಟಿದರೆಂದು ತಿಳಿಯುವುದು ರಾಜ್ಯವೆಂಬುದರ ಮೊದಲ ಕರ್ತವ್ಯ; ಅದನ್ನು ತಪ್ಪೆನ್ನಲಾಗದು. ಆದರೆ ೧೯೪೬ರ ವಿದೇಶೀಯರ ಕಾಯಿದೆಯೂ, ಅದರ ಸ್ಥಾನಕ್ಕೆ ಬಂದ ೨೦೨೫ರ ಕಾಯಿದೆಯೂ ತಾನು ಪರದೇಶದವನಲ್ಲವೆಂದು ರುಜುಪಡಿಸುವ ಹೊಣೆಯನ್ನು ಆ ಮನುಷ್ಯನ ಮೇಲೆಯೇ ಹೊರಿಸಿವೆ. ಅಸ್ಸಾಮಿನಲ್ಲಿ ೧೯೭೧ರ ಮಾರ್ಚ್ ೨೪ನ್ನು ಗಡುವಾಗಿಟ್ಟುಕೊಂಡು ೨೦೧೯ರ ಆಗಸ್ಟ್ ೩೧ರಂದು ಪ್ರಕಟಿಸಿದ ಪಟ್ಟಿಯಿಂದ ೧೯ ಲಕ್ಷಕ್ಕೂ ಮಿಕ್ಕಿ ಜನ ಹೊರಗುಳಿದರು. ಹೆಸರಿನ ಅಕ್ಷರ ವ್ಯತ್ಯಾಸವಾದುದರಿಂದ ತೊಳಲಿದವರು ಅವರಲ್ಲಿ ಉಂಟು. ಅಷ್ಟು ದೂರವೇಕೆ, ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರೆಂಬ ಅನುಮಾನದಿಂದ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಯವರೂ ಇದ್ದರು. ಹೈಕೋರ್ಟು ನಡುವೆ ಬರಬೇಕಾಯಿತು.

“ಕೂಲಿಯ ಮಾತಿಗೂ ಇದಕ್ಕೂ ಸಂಬಂಧವುಂಟು” ಎಂದು ಉಪಾಧ್ಯಾಯರು ಆ ಹೆಂಗಸಿನ ಕಡೆಗೆ ತಿರುಗಿ ಹೇಳಿದರು. ಬೇರೆ ಪ್ರಾಂತದಿಂದ ತಂದ ಆಳಿಗೆ, ಅದೇ ಕೆಲಸಕ್ಕೆ ಸ್ಥಳೀಯನಿಗೆ ಕೊಡುವ ಕೂಲಿಗಿಂತ ಕಡಿಮೆ ಕೊಡಕೂಡದೆಂದು ೧೯೭೯ರಲ್ಲಿಯೇ ಶಾಸನವಾಯಿತು. ಮುಂದೆ ಅದು ೨೦೨೦ರ ಸಂಹಿತೆಯಲ್ಲಿ ಸೇರಿಹೋಯಿತು. ಆದರೆ ಪೋಲೀಸಿಗೆ ಹೆದರಿದವನು ಕೂಲಿಯ ದೂರನ್ನು ಯಾರ ಬಳಿಗೆ ಒಯ್ಯುವನು? ಅವನ ಹೆದರಿಕೆಯೇ ಮೇಸ್ತ್ರಿಯ ಲಾಭ. ಆ ಲಾಭಕ್ಕಾಗಿಯೇ ಊರಿನವಳ ಕೂಲಿಯೂ ಇಳಿಯುವುದು. ಅವನನ್ನು ಓಡಿಸಿದರೆ ಮೇಸ್ತ್ರಿಯು ಇನ್ನೊಬ್ಬ ಹೆದರಿದವನನ್ನು ತರುವನೇ ಹೊರತು ಕೂಲಿ ಏರುವುದಿಲ್ಲ.

ಗೌಡರು ಬಹಳ ಹೊತ್ತು ಸುಮ್ಮನಿದ್ದರು. ಅವರ ಮನಸ್ಸು ೧೯೯೧ರ ಡಿಸೆಂಬರಿಗೆ ಹೋಗಿದ್ದಿತು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ಎದ್ದ ದಳ್ಳುರಿ ಮೈಸೂರು ಮಂಡ್ಯಗಳ ಹಳ್ಳಿಗಳಿಗೂ ತಗುಲಿ, ಬಹುಕಾಲದಿಂದ ಇಲ್ಲಿ ಬೇಸಾಯ ಮಾಡಿಕೊಂಡಿದ್ದ ತಮಿಳರು ಮನೆಮಾರುಗಳನ್ನು ಬಿಟ್ಟು ಓಡಬೇಕಾಯಿತು. ಗೌಡರ ಗದ್ದೆಯ ಅಂಚಿನಲ್ಲಿ ಅಂತಹ ಒಂದು ಕುಟುಂಬವಿದ್ದಿತು. ಅವರು ಪರದೇಶದವರಲ್ಲ; ಕಾಗದಪತ್ರಗಳಲ್ಲಿಯೂ ಕೊರತೆಯಿರಲಿಲ್ಲ. ಆದರೂ ಆ ರಾತ್ರಿ ಯಾರೂ ಕಾಗದವನ್ನು ಕೇಳಲಿಲ್ಲ. ಮನೆಯಾತನು ಹಿತ್ತಿಲ ಬಾಗಿಲನ್ನು ತಟ್ಟಿ, ಮಕ್ಕಳನ್ನು ಬೆಳಗಾಗುವವರೆಗೆ ಒಳಗಿಟ್ಟುಕೊಳ್ಳಿರೆಂದು ಕೇಳಿದನು. ಗೌಡರು ಬಾಗಿಲನ್ನು ತೆರೆಯಲಿಲ್ಲ. ಬೆಳಿಗ್ಗೆ ನೋಡಿದಾಗ ಗುಡಿಸಲು ಬರಿದಾಗಿದ್ದಿತು. ಆತನು ನೆಟ್ಟಿದ್ದ ನಾಲ್ಕು ತೆಂಗಿನ ಮರಗಳು ಈಗಲೂ ಫಲ ಕೊಡುತ್ತಿವೆ. ಆ ಕಾಯಿಗಳನ್ನು ಗೌಡರು ಮನೆಗೆ ತರಿಸುವುದಿಲ್ಲ. ಏಕೆಂದು ಅವರು ಯಾರಿಗೂ ಹೇಳಿದವರಲ್ಲ. ಆ ರಾತ್ರಿ ಜಗಲಿಯ ಮೇಲೆ ಹೇಳಿದರು.

ಮರುದಿನ ಬೆಳಿಗ್ಗೆ ಹದಿನೆಂಟು ಮಂದಿಯ ಹೆಸರು, ತಂದೆಯ ಹೆಸರು, ಊರುಗಳನ್ನು ತಮ್ಮ ಕೈಯಿಂದಲೇ ಬರೆದುಕೊಂಡು, ಆ ಹುಡುಗನನ್ನೂ ಜೊತೆಯಲ್ಲಿ ಕರೆದುಕೊಂಡು ಠಾಣೆಗೆ ಹೋದರು. “ಇವನು ಈ ದೇಶದವನೆಂದು ನಾನು ಪ್ರಮಾಣಮಾಡಲಾರೆ, ಅಲ್ಲವೆಂದೂ ಹೇಳಲಾರೆ. ಅವನ ಊರಿಗೆ ಬರೆದು ಕೇಳಿರಿ, ಉತ್ತರ ಬರುವವರೆಗೆ ನನ್ನ ಮನೆಯಲ್ಲಿರುವನು, ಕರೆದಾಗ ಕರೆತರುವೆನು” ಎಂದು ಬರೆದುಕೊಟ್ಟು ರುಜು ಮಾಡಿದರು. ಅಧಿಕಾರಿಯು ಒಪ್ಪಿದನು. ಮನೆಗೆ ಬಂದು, ಉಳಿದ ಗದ್ದೆಯಲ್ಲಿ ಅರ್ಧವನ್ನು ಮೇಸ್ತ್ರಿಯ ದರಕ್ಕಿಂತ ಹೆಚ್ಚಾಗಿದ್ದರೂ ಊರಿನ ಹೆಂಗಸರು ಕೇಳಿದ ಕೂಲಿಗೇ ಒಪ್ಪಿಸಿದರು. ಬಂಗಾಳದವರಿಗೂ ಅದೇ ದರವನ್ನು ಮೇಸ್ತ್ರಿಯ ಕೈಗೆ ಕೊಡದೆ ಅವರವರ ಕೈಗೇ ಎಣಿಸಿದರು. ಆ ವರ್ಷ ನಾಟಿಯ ಖರ್ಚು ಮಿತಿಮೀರಿತು. ತಂಗಿಯ ಮಗನು ಮಾವನ ಮೇಲಣ ಮುನಿಸನ್ನು ಇನ್ನೂ ಬಿಟ್ಟಿಲ್ಲ. ಅವನ ಕೆಲಸ ಇಂದಿಗೂ ಗುತ್ತಿಗೆಯದೇ.

ಪೈರು ತೆನೆ ಹಾಯುವ ಹೊತ್ತಿಗೆ ಹುಡುಗನ ಊರಿನ ಪಂಚಾಯತಿಯಿಂದ ಕಾಗದ ಬಂದಿತು. ಅದರಲ್ಲಿ ಅವನ ತಂದೆಯ ಹೆಸರು ಒಂದು ಕಡೆ ಒಂದು ಬಗೆಯಾಗಿಯೂ ಇನ್ನೊಂದು ಕಡೆ ಇನ್ನೊಂದು ಬಗೆಯಾಗಿಯೂ ಇದ್ದಿತು. ಹುಡುಗನು ಹೆದರಿದನು. ಗೌಡರು ಪೆಟ್ಟಿಗೆಯಿಂದ ತಮ್ಮ ಗದ್ದೆಯ ಪಹಣಿಯನ್ನು ತೆಗೆದು ನೋಡಿದರು. ಎರಡು ಸರ್ವೆ ನಂಬರುಗಳಲ್ಲಿ ಅವರ ತಂದೆಯ ಹೆಸರೂ ಎರಡು ಬಗೆಯಾಗಿಯೇ ಬರೆದಿದ್ದಿತು. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟುಕೊಂಡು, ಹುಡುಗನನ್ನು ಕರೆದುಕೊಂಡು, ನರಸೀಪುರದ ಬಸ್ಸಿಗೆ ಹೊರಟರು.